ದೇವರ ಒಲೆಯ ಬೂದಿ

ಮಣ್ಣನ್ನು ನಾಲಗೆಯ ಮೇಲಿಟ್ಟುಕೊಂಡು ರುಚಿ ನೋಡುವ ವೈಷ್ಣವ ಬ್ರಾಹ್ಮಣರನ್ನು ನಾನು ಕಂಡದ್ದು ಒಬ್ಬರನ್ನೇ. ಹೊಸಪೇಟೆಯ ಹೈಸ್ಕೂಲಿನಲ್ಲಿ ನಾನು ಕನ್ನಡ ಪಂಡಿತ, ಅವರು ಸೈನ್ಸ್ ಮೇಷ್ಟ್ರು. ವರ್ಷಗಟ್ಟಲೆ ಅಕ್ಕಪಕ್ಕದ ಕೋಣೆಗಳಲ್ಲಿ ಪಾಠ ಹೇಳಿದೆವು. ನಾನು ಲಿಂಗವಂತ, ಹಾಗಾಗಿ ನಮ್ಮ ಮನೆಯ ಒಂದು ಲೋಟ ಮಜ್ಜಿಗೆಯನ್ನೂ ಅವರು ಮುಟ್ಟುತ್ತಿರಲಿಲ್ಲ. ಆದರೆ ನಮ್ಮ ಹಿತ್ತಲಲ್ಲಿ ಕೂತರೆ ಮಾತಿನ ನಡುವೆ ಒಂದು ಚಿಟಿಕೆ ಮಣ್ಣು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, "ನಿಮ್ಮ ಮಣ್ಣು ಭಾಳ ಚೊಲೊ ಐತಿ ಪಂಡಿತರ" ಎನ್ನುತ್ತಿದ್ದರು.

"ಸ್ವಾಮಿ, ಮಜ್ಜಿಗಿಗೆ ಮೈಲಿಗಿ, ಮಣ್ಣಿಗಿಲ್ಲೇನ್ರಿ?" ಎಂದು ನಾನು ಕೆಣಕಿದರೆ, "ಮಣ್ಣಿಗೆಲ್ಲಿ ಜಾತಿ? ಅದಕ್ಕಿರೋದು ಹುಳಿ, ಸವಳು, ಎರಡೇ" ಎಂದು ಉಗುಳಿ, ಬಾವಿಕಟ್ಟೆಗೆ ಹೋಗಿ ಬಾಯಿ ಮುಕ್ಕಳಿಸುತ್ತಿದ್ದರು.

ಅವರು ತೀರಿಕೊಂಡ ಮೇಲೆ ಊರಲ್ಲಿ ಅವರನ್ನು ನೆನೆಯುವವರೆಲ್ಲ 'ಬೂದಿ ಮೇಷ್ಟ್ರು' ಎಂದೇ ನೆನೆಯುತ್ತಾರೆ. ನೆನೆದು ನಗುತ್ತಾರೆ. ನನಗೆ ಆ ನಗು ಕೇಳಿದರೆ ಮೈ ಉರಿಯುತ್ತದೆ. ಇದನ್ನು ಬರೆಯಲು ಕೂತದ್ದೂ ಆ ಉರಿಯಿಂದಲೇ, ಇಲ್ಲದಿದ್ದರೆ ಸೋತವರ ಕಥೆ ಯಾರಿಗೆ ಬೇಕು?

ಕೋಲಿನಂಥ ಆಳು. ಕಚ್ಚೆ ಪಂಚೆ, ಮೇಲೊಂದು ಕರಿ ಕೋಟು, ಹಣೆಯಲ್ಲಿ ನಾಮ. ಕೋಟಿನ ಎಡ ಜೇಬಿನಲ್ಲಿ ಸೀಮೆಸುಣ್ಣ, ಬಲ ಜೇಬಿನಲ್ಲಿ ಯಾವುದೋ ಗಿಡದ ಎಲೆ. ಪಾಠ ಹೇಳುವಾಗ ಅವರ ದನಿ ಏರುತ್ತಿರಲಿಲ್ಲ. ಹುಡುಗರು ಗದ್ದಲ ಮಾಡಿದರೆ ಸುಮ್ಮನೆ ನಿಂತುಬಿಡುತ್ತಿದ್ದರು, ಅವರೇ ನಾಚಿಕೊಂಡು ಸುಮ್ಮನಾಗುವ ತನಕ. ಇಷ್ಟು ತಾಳ್ಮೆಯ ಮನುಷ್ಯ ಒಂದೇ ಒಂದು ವಿಷಯಕ್ಕೆ ಬೆಂಕಿಯಾಗುತ್ತಿದ್ದರು. ಅವರ ತೋಟದ ಗಿಡದ ಎಲೆಯನ್ನು ಯಾರಾದರೂ ಸುಮ್ಮಸುಮ್ಮನೆ ಕಿತ್ತರೆ ಮುಗಿಯಿತು.

ಅವರ ತೋಟ ಅಂದೆನಲ್ಲ, ಅದು ಅವರದಲ್ಲ, ದೇವರದು. ಊರಂಚಿನಲ್ಲಿ, ಕಾಲುವೆಯ ಈಚೆಗೆ, ಒಂದು ಸಣ್ಣ ವೆಂಕಟರಮಣನ ಗುಡಿ. ಅದರ ಬೆನ್ನಿಗೆ ಹೂದೋಟ. ಬೆಳಗಿನ ಪೂಜೆಗೆ ದೇವರ ಕೊರಳಿಗೆ ಮಾಲೆ ಕೊಡುವುದು ಮೇಷ್ಟ್ರ ಮನೆತನದ ಕೈಂಕರ್ಯ. ಅದರ ಕಟ್ಟುಪಾಡು ಬಿಗಿಯಾದದ್ದು. ಹೂವು ಆ ತೋಟದ್ದೇ ಆಗಬೇಕು, ಮನೆಯವರ ಕೈಯೇ ನೀರು ಹಾಕಿರಬೇಕು, ಕೊಂಡ ಹೂವು ಒಂದೂ ಸೇರಬಾರದು, ಒಂದು ದಿನವೂ ತಪ್ಪಬಾರದು. ತಪ್ಪಿದರೆ ಕೈಂಕರ್ಯ ಆ ಮನೆತನದ ಕೈಬಿಟ್ಟಿತು. ಅಜ್ಜನ ಕಾಲದಿಂದ ತಪ್ಪಿರಲಿಲ್ಲ. ಮೇಷ್ಟ್ರಿಗೆ ಮಕ್ಕಳಿಲ್ಲ. ಅವರ ಹೆಂಡತಿ, ನಾವೆಲ್ಲ ಅಮ್ಮಾವ್ರು ಎನ್ನುತ್ತಿದ್ದವರು, ನಸುಕಿನಲ್ಲಿ ಒದ್ದೆ ಸೀರೆಯಲ್ಲಿ ಕೂತು ಮಲ್ಲಿಗೆ, ಮರುಗ, ತುಳಸಿ ಸೇರಿಸಿ ಕಟ್ಟುತ್ತಿದ್ದರು. ಗಂಡಹೆಂಡಿರಿಬ್ಬರ ಬಾಳೆಲ್ಲ ಆ ಮಾಲೆಗೇ ಕಟ್ಟಿಬಿದ್ದಿತ್ತು.

ಇನ್ನೊಂದು ಪದ್ಧತಿಯೂ ಇತ್ತು. ದೇವರ ಅಡಿಗೆಯ ಒಲೆಯ ಬೂದಿ, ಹೋಮದ ಬೂದಿ, ಇವನ್ನು ಜನ ತುಳಿಯುವ ಕಡೆ ಸುರಿಯಬಾರದು. ಹಾಗಾಗಿ ಅದನ್ನೂ ಮೇಷ್ಟ್ರ ಮನೆಯವರೇ ಮಡಕೆಯಲ್ಲಿ ತುಂಬಿಕೊಂಡು ಹೋಗಿ ಗಿಡಗಳ ಬುಡಕ್ಕೆ ಹಾಕಬೇಕು. ತಲೆಯ ಮೇಲೆ ಆ ಮಡಕೆ ಹೊರುವುದು ಅವರಿಗೆ ದೊಡ್ಡ ಮರ್ಯಾದೆ. "ಎಲ್ಲಾರ ತ್ವಾಟಕ್ಕ ದನದ ಗೊಬ್ಬರ, ನಮ್ಮ ತ್ವಾಟಕ್ಕ ದೇವರ ಒಲಿ ಗೊಬ್ಬರ" ಎಂದು ಮೇಷ್ಟ್ರು ಹಿಗ್ಗಿನಿಂದ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ನಾನು ಅವರನ್ನು ಬಲ್ಲಂದಿನಿಂದಲೂ ಆ ತೋಟಕ್ಕೆ ಕಾಮಾಲೆ. ಹೊಸ ಎಲೆ ಹುಟ್ಟುವಾಗಲೇ ಹಳದಿ, ನರಗಳು ಮಾತ್ರ ಹಸಿರು. ಮೊಗ್ಗು ಸಣ್ಣ, ಅದರಲ್ಲಿ ಅರ್ಧ ಉದುರು. ಗಿಡ ಬಡವಾಯಿತು ಎಂದು ಮೇಷ್ಟ್ರು ಇನ್ನೊಂದು ಮಡಕೆ ಬೂದಿ ಹಾಕುತ್ತಿದ್ದರು. ಒಂದು ಸಲ ಓಣಿಯ ಅಗಸ ಬಂದು, "ನಿಮ್ಮ ತ್ವಾಟದ ಮೂಲ್ಯಾಗಿನ ಮಣ್ಣು ಒಂದ್ ಬುಟ್ಟಿ ಕೊಡ್ರಿ ಸ್ವಾಮಿ, ಅರಿವಿ ಮಸ್ತ್ ಬೆಳ್ಳಗಾಗ್ತಾವ" ಎಂದು ಕೇಳಿದ. ಕೊಟ್ಟರು. ದೇವರ ತೋಟದ ಮಣ್ಣಿಗೆ ಎಂಥ ಗುಣ ನೋಡಿ ಎಂದು ನನ್ನ ಮುಂದೆ ಸಂತೋಷಪಟ್ಟರು. ನಾನೂ ತಲೆದೂಗಿದೆ. ನಾನು ಪಂಡಿತ, ನನಗೇನು ಗೊತ್ತು?

ಅವರಿಗೆ ಗೊತ್ತಾದದ್ದು ಪಾಠ ಹೇಳುವಾಗ. ಪ್ರತಿ ವರ್ಷ ಹೇಳುವ ಪಾಠವೇ, ಹುಳಿ ಮತ್ತು ಕ್ಷಾರ. ಬೂದಿ ಕದಡಿದ ನೀರಿಗೆ ಕೆಂಪು ಲಿಟ್ಮಸ್ ಕಾಗದ ಅದ್ದಿದರೆ ನೀಲಿಯಾಗುತ್ತದೆ ಎಂದು ಹುಡುಗರಿಗೆ ತೋರಿಸಬೇಕು. ಅವತ್ತು ಪಕ್ಕದ ಕೋಣೆಯಲ್ಲಿ ನಾನು ಷಟ್ಪದಿಗೆ ಪ್ರಸ್ತಾರ ಹಾಕುತ್ತಿದ್ದೆ. ಗೋಡೆಯಾಚೆ ಅವರ ದನಿ ಥಟ್ಟನೆ ನಿಂತಿತು. ಮತ್ತೆ ಶುರುವಾಗಲೇ ಇಲ್ಲ. ಇಣುಕಿ ನೋಡಿದರೆ ನೀಲಿಯಾದ ಕಾಗದ ಹಿಡಿದುಕೊಂಡು ನಿಂತಿದ್ದಾರೆ, ಹುಡುಗರು ಮಿಕಿಮಿಕಿ ನೋಡುತ್ತಿದ್ದಾರೆ. ಗಂಟೆ ಹೊಡೆದ ಕೂಡಲೇ ಕೊಡೆಯನ್ನೂ ಮರೆತು ತೋಟಕ್ಕೆ ಓಡಿದರು. ನಾನು ಕೊಡೆ ಕೊಡುವ ನೆಪದಲ್ಲಿ ಹಿಂದೆಯೇ ಹೋದೆ. ಸಂಪಿಗೆಯ ಬುಡದಲ್ಲಿ ಕೂತು, ಬಟ್ಟಲಿನಲ್ಲಿ ಮಣ್ಣು ಕಲಸಿ, ಕಾಗದ ಅದ್ದಿ ನೋಡುತ್ತಿದ್ದರು. ನೀಲಿ. ಇನ್ನೊಂದು ಕಡೆಯ ಮಣ್ಣು. ಅದೂ ನೀಲಿ.

"ಪಂಡಿತರ, ನಾನು ಓದಿದ ಓದಿಗೆ ಬೆಂಕಿ ಹಚ್ರಿ" ಎಂದರು. "ವರ್ಷಾ ವರ್ಷಾ ಹುಡುಗ್ರಿಗೆ ಹೇಳ್ತಾ ಬಂದೀನಿ. ಸಾಲಿ ಬಿಟ್ಟು ಬಂದು ಅದೇ ಕೈಲೆ ಬೂದಿ ಸುರಿದೀನಿ. ಕೊಂದವರು ನಾವೇ ರೀ. ಅಪ್ಪ, ಅಜ್ಜ, ನಾನು. ಭಕ್ತಿಯಿಂದ ಕೊಂದ್ವಿ."

ನಾನು ಕೊಡೆಯನ್ನು ಪಕ್ಕದಲ್ಲಿಟ್ಟು ಕೂತೆ. ಅವರು ನನ್ನ ಹಣೆಯ ವಿಭೂತಿ ನೋಡಿ ನಕ್ಕರು. "ನಿಮ್ಮ ಮಂದಿ ಬೂದಿ ಹಣಿಗೆ ಹಚ್ಕೋತೀರಿ. ಅದೇ ಶಾಣೇತನ. ನಾವು ಬೇರಿಗೆ ಹಾಕಿದ್ವಿ."

ಮೊದಲು ಬೂದಿ ನಿಲ್ಲಿಸಬೇಕಿತ್ತು. ಅರ್ಚಕರು ವಯಸ್ಸಾದವರು, ಕೆಟ್ಟವರಲ್ಲ, ಆದರೆ ಬೆಚ್ಚಿಬಿದ್ದರು. "ನಿಮ್ಮಜ್ಜ ಹೊತ್ತ ಬೂದಿ ನಿಮ್ಮ ತಲಿಗೆ ಭಾರ ಆತೇನು? ತ್ವಾಟಕ್ಕ ಬ್ಯಾಡಂದ್ರ ಮತ್ತೆಲ್ಲಿ ಹಾಕೂಣು? ಬೀದ್ಯಾಗ ಚೆಲ್ಲೂಣೇನು?" ಕಾಲುವೆಗೆ ಬಿಡೋಣವೆಂದರೆ ಕೆಳಗಿನ ಬಾಳೆ ತೋಟಗಳಿಗೆ ಹೋಗುತ್ತದೆಂದು ಮೇಷ್ಟ್ರೇ ಒಪ್ಪಲಿಲ್ಲ. ಕೊನೆಗೆ ತಾವೇ ವಾರಕ್ಕೊಮ್ಮೆ ಹಂಪಿಗೆ ಹೊತ್ತುಕೊಂಡು ಹೋಗಿ ಹೊಳೆಗೆ ಬಿಡುತ್ತೇನೆಂದು ಮಾತು ಕೊಟ್ಟರು.

ಹಾಗೆ ಶುರುವಾಯಿತು ಆ ಭಾನುವಾರದ ನಡಿಗೆ. ಬಾಯಿ ಕಟ್ಟಿದ ಮಡಕೆ ತಲೆಯ ಮೇಲೆ, ಒದ್ದೆ ಪಂಚೆ, ಬರಿಗಾಲು. ಕಡ್ಡಿರಾಂಪುರದ ಹತ್ತಿರ ಹುಣಸೆ ಮರದಡಿ ಒಬ್ಬ ಮುದುಕ ಸದಾ ಹಗ್ಗ ಹೊಸೆಯುತ್ತ ಕೂತಿರುತ್ತಿದ್ದ. ಮೊದಲ ಸಲ ಅವನು ಎದ್ದು ನಿಂತು ಕೈಮುಗಿದು, "ಯಾರು ಹೋದ್ರು ಸ್ವಾಮಿ?" ಎಂದು ಕೇಳಿದನಂತೆ.

"ಯಾರೂ ಹೋಗಿಲ್ಲಪ. ಹೋಗಲಾರದಂಗ ನೋಡ್ಕೊಳ್ಳಾಕತ್ತೀನಿ" ಎಂದರಂತೆ ಮೇಷ್ಟ್ರು.

ಆಮೇಲೆ ಅದೇ ಒಂದು ತಮಾಷೆಯಾಯಿತು. ಪ್ರತಿ ಭಾನುವಾರ ಅವನು ಅದನ್ನೇ ಕೇಳುವುದು, ಇವರು ಅದನ್ನೇ ಹೇಳುವುದು. ಹೊಸಪೇಟೆಯಲ್ಲಿ ಮಾತ್ರ ಜನ ಅಷ್ಟು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಇಂಗ್ಲಿಷ್ ಓದಿ ದೇವರ ಬೂದಿಯನ್ನೇ ಹೊಲಸು ಅಂತಾನೆ ಎಂದು ಆಡಿಕೊಂಡರು. 'ಬೂದಿ ಮೇಷ್ಟ್ರು' ಎಂಬ ಹೆಸರು ಹುಟ್ಟಿದ್ದು ಆಗ.

ಬೂದಿ ನಿಂತ ಮಾತ್ರಕ್ಕೆ ಮಣ್ಣು ಮರೆಯುತ್ತದೆಯೆ? ಬಳ್ಳಾರಿಯಿಂದ ಕೃಷಿ ಇಲಾಖೆಯವರೊಬ್ಬರು ಕಬ್ಬು ನೋಡಲು ಬಂದಾಗ ಮೇಷ್ಟ್ರು ಅವರನ್ನು ಕೈಹಿಡಿದು ತೋಟಕ್ಕೆ ಕರೆತಂದರು. ತೆಲುಗು ಸೀಮೆಯ ಆ ಅಧಿಕಾರಿ ಒಂದು ಹೆಂಟೆ ಮಣ್ಣಿನ ಮೇಲೆ ಸೀಸೆಯಿಂದ ಎರಡು ಹನಿ ಆಸಿಡ್ ಬಿಟ್ಟರು. ಮಣ್ಣು ಬುಸ್ಸೆಂದು ನೊರೆಗಟ್ಟಿತು. ಬೂದಿ ಒಂದೇ ಅಲ್ಲ, ಇಲ್ಲಿ ಹುಟ್ಟು ಸುಣ್ಣವೂ ಇದೆ ಎಂದರು. ಮದ್ದು ಇತ್ತು, ಅವರು ಅದನ್ನು ಸ್ಪಷ್ಟವಾಗಿಯೇ ಹೇಳಿದರು: ಗಿಡಗಳನ್ನೆಲ್ಲ ಕಿತ್ತು ಹಾಕಿ. ಸುತ್ತ ಬಸಿಗಾಲುವೆ ತೋಡಿ. ಜಿಪ್ಸಮ್ ಹಾಕಿ, ಕಾಲುವೆಯ ಸಿಹಿನೀರು ನಿಲ್ಲಿಸಿ ತೊಳೆಯಿರಿ. ಸೆಣಬು ಬೆಳೆದು ಅಲ್ಲೇ ಮಣ್ಣಿಗೆ ಮುಚ್ಚಿ. ಎರಡು ಮೂರು ವರ್ಷ ಹೂವಿನ ಆಸೆ ಬಿಡಿ.

ಮೇಷ್ಟ್ರು ಎಲ್ಲವನ್ನೂ ಕೇಳಿ, "ನಾಳೆ ಮುಂಜಾನಿ ಮಾಲಿಗೆ ಏನು ಮಾಡ್ಲಿ?" ಎಂದರು.

ಅಧಿಕಾರಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ತೋಟ ಉಳಿಯಬೇಕಾದರೆ ಮಾಲೆ ನಿಲ್ಲಬೇಕು. ಮಾಲೆ ನಿಲ್ಲದೆ ಇರಬೇಕಾದರೆ ತೋಟ ಸಾಯಬೇಕು. ಅತ್ತ ದರಿ ಇತ್ತ ಪುಲಿ ಎಂದು ನಾನು ಹುಡುಗರಿಗೆ ಎಷ್ಟೋ ಸಲ ಅರ್ಥ ಹೇಳಿದ್ದೆ, ಅದರ ನಡುವೆ ನಿಂತ ಮನುಷ್ಯನನ್ನು ನೋಡಿದ್ದು ಅವತ್ತೇ.

ಆಮೇಲಿನದೆಲ್ಲ ಅರೆಬರೆ ಮದ್ದು. ಗಂಧಿಗೆ ಅಂಗಡಿಯಿಂದ ಅನ್ನಭೇದಿ ತಂದು ನೀರಿನಲ್ಲಿ ಕರಗಿಸಿ, ಹುಲ್ಲಿನ ಕುಂಚದಿಂದ ಎಲೆಗಳ ಮೇಲೆ ಚಿಮುಕಿಸಿದರು. ಅನ್ನಭೇದಿಯೆಂದರೆ ಕಬ್ಬಿಣದ ಉಪ್ಪು. "ಈ ಮಣ್ಣಾಗ ಕಬ್ಬಿಣ ಇಲ್ಲ ಅಂತಲ್ರಿ. ಅಟ್ಟದ ಮ್ಯಾಲ ಅಕ್ಕಿ ಐತಿ, ಏಣಿ ಇಲ್ಲ. ಅದಕ್ಕ ಬಾಯಿಗೇ ಉಣಸಾಕತ್ತೀನಿ" ಎಂದು ನನಗೆ ವಿವರಿಸಿದರು. ಹನಿ ಬಿದ್ದಲ್ಲೆಲ್ಲ ಹಸಿರು ಚುಕ್ಕೆ ಮೂಡಿತು. ಅಮ್ಮಾವ್ರು ಕಣ್ಣರಳಿಸಿ ನೋಡಿದರು. ಆದರೆ ಆ ಮೇಲೆ ಬಂದ ಚಿಗುರು ಮತ್ತೆ ಹಳದಿಯೇ. ಮಲ್ಲಿಗೆಯ ಮೇಲೆ ಬಿದ್ದ ಹನಿ ಕಪ್ಪು ಕಲೆಯಾಯಿತು. ಅರ್ಚಕರು ಆ ಹೂಗಳನ್ನು ಬೇರೆ ತೆಗೆದಿಟ್ಟು, "ಔಷಧಿ ಕುಡಿದ ಹೂವು ಸ್ವಾಮಿಗೆ ಬ್ಯಾಡ್ರಿ" ಎಂದರು.

ಆಮೇಲೆ ಗಂಧಕ. ಅದು ಮಣ್ಣಿಗೆ ನಿಧಾನವಾಗಿ ಹುಳಿ ಕೊಡುತ್ತದಂತೆ. ಒಂದೊಂದೇ ಮಡಿಯನ್ನು ತಿದ್ದುತ್ತ ಹೋದರೆ ಮಾಲೆಯೂ ನಿಲ್ಲುವುದಿಲ್ಲ ಎಂಬ ಲೆಕ್ಕ ಅವರದು. ಒಳ್ಳೆಯ ಲೆಕ್ಕವೇ. ಆದರೆ ಅದು ಯುದ್ಧದ ಕಾಲ, ಜೊತೆಗೆ ಊರೂರಲ್ಲಿ ಚಳವಳಿ, ತಂತಿ ಕತ್ತರಿಸುವುದು, ಟಪಾಲು ಸುಡುವುದು ನಡೆದಿತ್ತು. ಪದೇ ಪದೇ ಗಂಧಕ ಕೊಳ್ಳುವ ಮೇಷ್ಟ್ರನ್ನು ನೋಡಿ, ಬಾಂಬು ಗೀಂಬು ಮಾಡುತ್ತಾರೇನೋ ಎಂದು ಅಂಗಡಿಯವನು ಹೆದರಿದ. "ಏನು ಮಾಡ್ತೀರಿ ಸ್ವಾಮಿ ಇಷ್ಟು ತಗೊಂಡು? ನಮ್ಮ ಕೊಳ್ಳಿಗೆ ತರಬ್ಯಾಡ್ರಿ." ಒಂದು ಮಧ್ಯಾಹ್ನ ಶಾಲೆಗೇ ಪೊಲೀಸಿನವರು ಬಂದರು.

"ಮಲ್ಲಿಗಿ ಗಿಡಕ್ಕ ಹಾಕ್ತೀನ್ರಿ" ಎಂದರು ಮೇಷ್ಟ್ರು.

ದಫೇದಾರ ನಮ್ಮೆಲ್ಲರ ಕಡೆ ತಿರುಗಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು, ಮನೆಯಲ್ಲಿದ್ದ ಗಂಧಕವನ್ನು ಚೀಲ ಸಮೇತ ಎತ್ತಿಕೊಂಡು ಹೋದ. ಅವರನ್ನು ಹಿಡಿದುಕೊಂಡು ಹೋಗಲಿಲ್ಲ ಎಂದು ನಾವೆಲ್ಲ ಖುಷಿಪಟ್ಟೆವು. ಅವರು ಅವತ್ತು ಊಟ ಮಾಡಲಿಲ್ಲವೆಂದು ಆಮೇಲೆ ಅಮ್ಮಾವ್ರಿಂದ ತಿಳಿಯಿತು. ಆ ಮೇಲೆ ಊರಲ್ಲಿ ಯಾರೂ ಅವರಿಗೆ ಗಂಧಕ ಮಾರಲಿಲ್ಲ. ಶಾಲೆಗೆ ಮದ್ರಾಸಿನಿಂದ ಬರುತ್ತಿದ್ದ ಲಿಟ್ಮಸ್ ಕೂಡ ಬರುವುದು ನಿಂತಿತು. ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಬಟ್ಟೆಯ ಚೂರುಗಳನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದರು. ಮಣ್ಣಿಗೆ ತಾಗಿಸಿದರೆ ಕೆಂಪಾಗುತ್ತಿತ್ತು. "ನೋಡ್ರಿ, ನಮ್ಮ ತ್ವಾಟಕ್ಕ ಕುಂಕುಮ ಮಾಡೋದು ಬರ್ತದ" ಎನ್ನುತ್ತಿದ್ದರು. ಅವರ ಹಾಸ್ಯ ಬರಬರುತ್ತ ಕಹಿಯಾಗಿತ್ತು.

ನಿಜವಾಗಿ ಆಸೆ ಹುಟ್ಟಿಸಿದ್ದು ಸಂಡೂರಿನ ಮಣ್ಣು. ಅಲ್ಲಿಯ ಗುಡ್ಡದ ಕೆಮ್ಮಣ್ಣು ಸವಳಲ್ಲ. ಅಲ್ಲಿ ಅವರ ಅಣ್ಣನ ಮಗನಿದ್ದ. ಅವನು ಬಂಡಿಯಲ್ಲಿ ಮಣ್ಣು ಹೇರಿಕೊಂಡು ಹೊರಟರೆ ಸಂಸ್ಥಾನದ ನಾಕಾದಲ್ಲಿ ತಡೆದು, ಅದಿರು ಸಾಗಿಸುತ್ತೀಯಾ ಎಂದು ಕೋಲಿನಿಂದ ತಿವಿದು ತಿವಿದು ನೋಡಿದರಂತೆ. ಅಂತೂ ಬಂತು. ಆಳವಾದ ಗುಂಡಿ ತೋಡಿ, ಹಳೆಯ ಮಣ್ಣು ತೆಗೆದು, ಕೆಮ್ಮಣ್ಣಿಗೆ ಹೊಂಗೆ ಸೊಪ್ಪು ಸೇರಿಸಿ ಹೊಸ ಮಲ್ಲಿಗೆ ನೆಟ್ಟರು. ಆ ಗಿಡಗಳು ಕಪ್ಪಗಿನ ಹಸಿರಿನಿಂದ ಎದ್ದು ಬಂದ ಚೆಂದವನ್ನು ನಾನು ಮರೆಯಲಾರೆ. ಆ ಮಳೆಗಾಲವೆಲ್ಲ ದೇವರ ಮಾಲೆ ಮೊಣಕಾಲಿನ ತನಕ ಇಳಿಯಿತು. ಮೇಷ್ಟ್ರು ಶಾಲೆಯ ಅಂಗಳದಲ್ಲಿ ಶಿಳ್ಳೆ ಹಾಕಿದ್ದನ್ನು ನಾನು ಕೇಳಿದ್ದು ಆಗ ಮಾತ್ರ.

ಬೇಸಿಗೆಯಲ್ಲಿ ಕಾಲುವೆಯ ನೀರು ನಿಲ್ಲಿಸಿದರು, ದುರಸ್ತಿಗೆಂದು. ತೋಟದ ಬಾವಿಯಿಂದ ಸೇದಿ ಹಾಕಬೇಕಾಯಿತು. ಹೊಸ ಗಿಡಗಳ ಚಿಗುರು ಒಂದೊಂದಾಗಿ ಹಳದಿಗೆ ತಿರುಗಿತು. ಮೇಷ್ಟ್ರು ಬಾವಿಯ ನೀರಿಗೆ ಅರಿಶಿನದ ಬಟ್ಟೆ ಅದ್ದಿ ಎತ್ತಿ ನನಗೆ ತೋರಿಸಿದರು. ಕೆಂಪು. "ಮಣ್ಣು ತಿದ್ದಬಹುದು ಪಂಡಿತರ. ಬಾವಿ ತಿದ್ದೋದು ಹ್ಯಾಂಗ?" ಎಂದಷ್ಟೇ ಅಂದರು.

ಮಾಲೆ ಕುಗ್ಗುತ್ತ ಬಂತು. ಮೊಣಕಾಲಿನಿಂದ ನಡುವಿಗೆ, ನಡುವಿನಿಂದ ಎದೆಗೆ. ಅಮ್ಮಾವ್ರು ಹೂವು ದೂರ ದೂರ ಕಟ್ಟಿ ಉದ್ದ ಮಾಡುತ್ತಿದ್ದರು. ನಡುವೆ ಮರುಗ, ಮರುಗವೂ ಸಾಲದಾದಾಗ ಬರಿ ತುಳಸಿ. ಒಂದು ಬೆಳಿಗ್ಗೆ ನಾನು ಗುಡಿಯ ಹೊರಗೆ ನಿಂತಿದ್ದೆ. ಅರ್ಚಕರು ಮಾಲೆ ಹಾಕಿ ಹಿಂದೆ ಸರಿದು ನೋಡಿದರು. ಅವರ ಕಣ್ಣಲ್ಲಿ ನೀರಿತ್ತು. "ಮೇಷ್ಟ್ರ, ದಾರ ಕಾಣಾಕತ್ತೈತ್ರಿ" ಎಂದರು. ಮೇಷ್ಟ್ರು ಕೈಮುಗಿದುಕೊಂಡೇ ತಲೆ ತಗ್ಗಿಸಿದರು. ಮಾರನೆಯ ದಿನ ಕಟ್ಟಲು ದಾರ ಮಾತ್ರ ಇತ್ತು.

ಧರ್ಮಕರ್ತರು ಹಡಗಲಿಯ ಮಲ್ಲಿಗೆ ತರಿಸುವ ಏರ್ಪಾಡು ಮಾಡಿದರು. ಬುಟ್ಟಿ ತುಂಬ ಹೂವು, ದಪ್ಪ ಮಾಲೆ. ಊರಿಗೆ ಸಂತೋಷವೇ ಆಯಿತು. ಮೇಷ್ಟ್ರು ಎಲ್ಲರಂತೆ ಸಾಲಿನಲ್ಲಿ ನಿಂತು ತೀರ್ಥ ತೆಗೆದುಕೊಂಡರು. ಅರ್ಚಕರು ಪ್ರಸಾದವೆಂದು ಕೊಟ್ಟ ಒಂದು ಎಸಳು ಮಲ್ಲಿಗೆಯನ್ನು ಮೂಸಿ, ಹೊರಗೆ ಬಂದು ನನಗೆ ಹೇಳಿದರು: "ಚೊಲೊ ಮಣ್ಣಾಗ ಬೆಳದದ್ದು." ಅಸೂಯೆಯಿಲ್ಲದ ಆ ಮಾತು ಕೇಳಿ ನನಗೇ ಅಳು ಬಂತು.

ಕೈಂಕರ್ಯ ಹೋದ ಮೇಲೂ ಭಾನುವಾರದ ಮಡಕೆ ನಿಲ್ಲಲಿಲ್ಲ. ತೋಟದಲ್ಲಿ ಉಳಿದದ್ದು ಒಂದು ಸಂಪಿಗೆ, ನಾಲ್ಕಾರು ಒಣ ಮಲ್ಲಿಗೆ ಬುಡ. ಈಗ ಮಾಲೆಯ ಹಂಗಿರಲಿಲ್ಲವಾದ್ದರಿಂದ ಸುತ್ತ ಬಸಿಗಾಲುವೆ ತೋಡಿಸಿದರು, ಖಾಲಿ ಮಡಿಗಳಲ್ಲಿ ಸೆಣಬು ಬಿತ್ತಿ ಮಣ್ಣಿಗೆ ಮುಚ್ಚಿದರು. ಹೆಗಲು ಬಾಗಿತ್ತು, ಕೆಮ್ಮು ಹಿಡಿದಿತ್ತು. ಇನ್ನು ಯಾತಕ್ಕೆ ಈ ಹೊರೆ ಎಂದು ನಾನು ಬೈದೇ ಬಿಟ್ಟೆ.

"ಮಣ್ಣಿಗೆ ಟೈಮ್ ಬೇಕ್ರಿ. ಮೂರು ತಲಿಮಾರು ಸುರಿದದ್ದು. ನನ್ನ ಕಾಲದಾಗ ಆಗೂದಿಲ್ಲ."

"ಮತ್ತ ಯಾರ ಕಾಲದಾಗ ಸ್ವಾಮಿ?"

ಮಕ್ಕಳಿಲ್ಲದವರಿಗೆ ಹಾಗೆ ಕೇಳಬಾರದಿತ್ತು ಎಂದು ಕೇಳಿದ ಮೇಲೆ ಹೊಳೆಯಿತು. ಅವರು ಸಂಪಿಗೆಯ ಕೆಳಗಿನ ಒಂದು ಕೊಂಬೆ ಬಗ್ಗಿಸಿದರು. ಅದರ ತುದಿಯಲ್ಲಿ ಒಂದೇ ಒಂದು ಚಿಗುರು, ಪೂರ್ತಿ ಹಸಿರಲ್ಲ, ಪೂರ್ತಿ ಹಳದಿಯೂ ಅಲ್ಲ. ಅದನ್ನೇ ತೋರಿಸಿದರು.

ಆ ಚಳಿಗಾಲದಲ್ಲಿ ಹಾಸಿಗೆ ಹಿಡಿದರು. ಕೊನೆಯ ದಿನಗಳಲ್ಲಿ ನಾನು ಹೋಗಿ ಕೂತಾಗ ಅಮ್ಮಾವ್ರನ್ನು ಕರೆದು, ನನ್ನ ಮುಂದೆಯೇ, "ನನ್ನ ಬೂದಿ ಮತ್ತ ತ್ವಾಟದ ಕಡೆ ತರಬ್ಯಾಡ್ರಿ, ಸೀದಾ ಹೊಳಿಗೆ" ಎಂದರು. ಅಮ್ಮಾವ್ರು ಬಾಯಿಗೆ ಸೆರಗು ಒತ್ತಿಕೊಂಡರು. ಅವರು ತಮಾಷೆ ಮಾಡುತ್ತಿದ್ದಾರೋ, ನಿಜವಾಗಿ ಹೇಳುತ್ತಿದ್ದಾರೋ ನನಗೆ ತಿಳಿಯಲಿಲ್ಲ. ಎರಡೂ ಇರಬೇಕು.

ಸಂಡೂರಿನಿಂದ ಅಣ್ಣನ ಮಗ ಬಂದು ಕರ್ಮ ಮಾಡಿದ. ಅಸ್ಥಿ ಬಿಡಲು ಅವನು ಹಂಪಿಗೆ ಹೊರಟಾಗ ನಾನೂ ಜೊತೆಗೆ ನಡೆದೆ. ಕಡ್ಡಿರಾಂಪುರದ ಹುಣಸೆ ಮರದಡಿ ಆ ಮುದುಕ ಹಗ್ಗ ಹೊಸೆಯುತ್ತಿದ್ದ. ದೃಷ್ಟಿ ಮಂದವಾಗಿತ್ತೇನೋ. ಮಡಕೆ ಕಂಡದ್ದೇ ತಡ, ಹಳೆಯ ಸಲಿಗೆಯಲ್ಲಿ ನಗುತ್ತ ಕೂಗಿದ: "ಯಾರು ಹೋದ್ರು ಸ್ವಾಮಿ?"

ಅವನಿಗೆ ನಾವು ಹೇಳಬೇಕಾಯಿತು. ಅವನು ಹಗ್ಗ ಕೆಳಗಿಟ್ಟು, ಮೊದಲ ದಿನದ ಹಾಗೆ ಎದ್ದು ನಿಂತು ಕೈಮುಗಿದ.

ಸಂಜೆ ಹಿಂತಿರುಗಿದವನು ಮನೆಗೆ ಹೋಗಲು ಮನಸ್ಸಾಗದೆ ತೋಟದ ಕಡೆ ತಿರುಗಿದೆ. ಸಂಪಿಗೆಯ ಹತ್ತಿರ ಅರ್ಚಕರು ನಿಂತಿದ್ದರು, ಪಕ್ಕದಲ್ಲಿ ಗುಡಿಯ ಅಡಿಗೆಯವನು. ಮೇಷ್ಟ್ರು ಮಲಗಿದಾಗಿನಿಂದ ಸೇರಿಬಿದ್ದ ಬೂದಿಯ ಮಡಕೆಗಳನ್ನೆಲ್ಲ ಒಂದೊಂದಾಗಿ ಆ ಮರದ ಬುಡಕ್ಕೆ ಸುರಿಸುತ್ತಿದ್ದರು. ನನ್ನನ್ನು ಕಂಡು ಅರ್ಚಕರು ಉತ್ತರೀಯದಿಂದ ಕಣ್ಣೊರೆಸಿಕೊಂಡರು.

"ದೊಡ್ಡ ಮನಿತನ ರೀ ಅದು" ಎಂದರು. "ಮಾಲಿ ಅಂತೂ ಉಳಿಸ್ಕೊಳ್ಳಾಕ ಆಗ್ಲಿಲ್ಲ. ಇದೊಂದು ಪದ್ಧತಿನಾದ್ರೂ ಅವರ ಹೆಸರಿನ್ಯಾಗ ನಡೀಲಿ ಅಂತ, ನಾನೇ ನಿಂತು ಹಾಕ್ಸಾಕತ್ತೀನಿ."

ಅವರ ದುಃಖ ನಿಜವಾದದ್ದು. ಅಡಿಗೆಯವನು ಕೊನೆಯ ಮಡಕೆಯನ್ನು ತಲೆಕೆಳಗು ಮಾಡಿ ತಳ ತಟ್ಟಿದ. ಅದು ಅವತ್ತಿನ ಒಲೆಯದು, ಬೂದಿ ಇನ್ನೂ ಬೆಚ್ಚಗಿತ್ತು.